ನಾನ್ನಜ್ ಮಾಳ: ವರ್ಷವರ್ಷವೂ ಎಣಿಕೆ ನಡೆಯುವ ಹುಲ್ಲುಗಾವಲು

ಸೊಲ್ಲಾಪುರದಿಂದ ಬಾರ್ಶಿಗೆ ಹೋಗುವ ರಸ್ತೆಯಲ್ಲಿ, ನಗರದಿಂದ ಸುಮಾರು 20 ಕಿಲೋಮೀಟರ್ ದೂರದ ನಾನ್ನಜ್ ಗ್ರಾಮದ ಸುತ್ತ ಹರಡಿರುವ ಕಲ್ಲುಮಿಶ್ರಿತ ಬಯಲಿಗೆ ಮರಾಠಿಯಲ್ಲಿ ಮಾಳರಾನವೆಂಬ ಹೆಸರಿದೆ; ಇಂಥ ತೆಳುಮಣ್ಣಿನ ಎತ್ತರದ ನೆಲವನ್ನು ಅಕ್ಕಲಕೋಟೆ, ವಿಜಯಪುರದ ಕಡೆಯ ಕನ್ನಡಿಗರು ಮಡ್ಡಿ ಎನ್ನುತ್ತಾರೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ದಟ್ಟ ಕಾಡು ಬೆಳೆಯುವುದಿಲ್ಲ, ಬೆಳೆಯಬೇಕಾಗಿಯೂ ಇಲ್ಲ. ಇಲ್ಲಿನ ಸಹಜ ಸಂಪತ್ತು ಹುಲ್ಲು. ಮರಾಠಿಯಲ್ಲಿ ಕುಸಳಿ ಎನ್ನುವ ಹುಲ್ಲಿನ ಬೀಜಕ್ಕೆ ಉದ್ದನೆಯ ಬಾಲವೊಂದಿದ್ದು, ತೇವ ತಾಗಿದಾಗ ಹುರಿ ಬಿಚ್ಚಿ, ಒಣಗಿದಾಗ ಮತ್ತೆ ಸುತ್ತಿಕೊಳ್ಳುವ ಆ ಬಾಲವು ಬೀಜವನ್ನು ತಾನೇ ತಿರುಪಿನಂತೆ ನೆಲದೊಳಕ್ಕೆ ಇಳಿಸುತ್ತದೆ. ಮಾಳದಲ್ಲಿ ನಡೆದವರ ಬಟ್ಟೆಗೂ ಅದು ಹಾಗೆಯೇ ನಾಟಿಕೊಳ್ಳುತ್ತದೆ.

ಈ ಬಯಲಿಗೆ ಹೆಸರು ತಂದುಕೊಟ್ಟದ್ದು ಮರಾಠಿಯ ಮಾಳಢೋಕ್, ಅಂದರೆ ಕನ್ನಡದ ಎರೆಭೂತ ಅಥವಾ ದೊರವಾಯನ ಹಕ್ಕಿ. ಒಂದು ಮೀಟರ್ ಎತ್ತರ ನಿಲ್ಲುವ, ಗಂಡಾದರೆ ಹದಿನೈದು ಕಿಲೋಗ್ರಾಂವರೆಗೆ ತೂಗುವ ಈ ಹಕ್ಕಿ ಮಳೆಗಾಲದಲ್ಲಿ ಕತ್ತಿನ ಚೀಲವನ್ನು ಕಾಲಿನವರೆಗೆ ಜೋಲುವಂತೆ ಉಬ್ಬಿಸಿ, ದೂರದವರೆಗೆ ಕೇಳುವ ಗಂಭೀರ ದನಿಯಲ್ಲಿ ಹೂಂಕರಿಸುತ್ತದೆ. ಹೆಣ್ಣು ಗೂಡು ಕಟ್ಟದೆ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವುದರಿಂದ, ಒಂದು ನಾಯಿ ಅಥವಾ ದನದ ಒಂದು ಗೊರಸು ಆ ವರ್ಷದ ಸಂತಾನವನ್ನೇ ಇಲ್ಲವಾಗಿಸಬಲ್ಲದು. 1970ರ ದಶಕದಲ್ಲಿ ಸೊಲ್ಲಾಪುರದ ಪ್ರಕೃತಿಪ್ರೇಮಿ ಬಿ.ಎಸ್. ಕುಲಕರ್ಣಿಯವರು ಈ ಹಕ್ಕಿಗಳತ್ತ ಗಮನ ಸೆಳೆದ ನಂತರ, 1979ರಲ್ಲಿ ಸೊಲ್ಲಾಪುರ ಮತ್ತು ಅಹಮದ್‌ನಗರ ಜಿಲ್ಲೆಗಳ 8,496 ಚದರ ಕಿಲೋಮೀಟರ್ ಪ್ರದೇಶವು ಅಭಯಾರಣ್ಯವಾಯಿತು. ಊರು, ಹೊಲ, ರಸ್ತೆಗಳನ್ನೆಲ್ಲ ಒಳಗೊಂಡ ಆ ಗಡಿ ರೈತರಿಗೆ ತೊಡಕಾದುದರಿಂದ, ಬಹುಕಾಲದ ಚರ್ಚೆಯ ಬಳಿಕ ಅದನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು.

ಇಲ್ಲಿನ ಸಂರಕ್ಷಣೆಗೆ ಬಲ ನೀಡಿದ್ದು ಬಹುಮಟ್ಟಿಗೆ ಅಧ್ಯಯನ. 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪರವಾಗಿ ಅಸದ್ ರಹಮಾನಿ ಮತ್ತು ಸಂಗಡಿಗರು 1980ರ ದಶಕದಲ್ಲಿ ನಾನ್ನಜ್‌ನಲ್ಲಿ ಹಕ್ಕಿಯ ಬದುಕನ್ನು ಹತ್ತಿರದಿಂದ ದಾಖಲಿಸಿದರು. 1961ರಲ್ಲಿ ಸ್ಥಾಪನೆಯಾದ ವಿಶ್ವ ವನ್ಯಜೀವಿ ನಿಧಿಯ ಭಾರತದ ಶಾಖೆ 1969ರ ನವೆಂಬರ್‌ನಲ್ಲಿ ಮುಂಬೈಯಲ್ಲಿ ಆರಂಭವಾಗಿ, ಮಾರ್ಚ್‌ನ ಭೂಮಿ ತಾಸು, ಅಕ್ಟೋಬರ್ ಮೊದಲ ವಾರದ ವನ್ಯಜೀವಿ ಸಪ್ತಾಹಗಳಂಥ ಕಾರ್ಯಕ್ರಮಗಳ ಮೂಲಕ ಈ ಕಾಳಜಿಯನ್ನು ದೇಶದ ಶಾಲೆಗಳವರೆಗೆ ಒಯ್ದಿದೆ. ದೀಪ ಆರಿಸುವ ಒಂದು ತಾಸಿಗಿಂತ ಮಾಳಕ್ಕೆ ಹೆಚ್ಚು ಒದಗುವುದು ತಾಳ್ಮೆಯ ಎಣಿಕೆ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು.

ಆ ಎಣಿಕೆಗೆ ತನ್ನದೇ ಪಂಚಾಂಗವಿದೆ. 1987ರಿಂದ ನಡೆದು ಬಂದಿರುವ ಏಷ್ಯಾದ ನೀರುಹಕ್ಕಿ ಗಣತಿಯ ತಿಂಗಳು ಜನವರಿ. ಸೊಲ್ಲಾಪುರದ ಹಿಪ್ಪರಗಾ ಕೆರೆ, ಅಕ್ಕಲಕೋಟೆ ತಾಲ್ಲೂಕಿನಲ್ಲಿ ಬೋರಿ ನದಿಗೆ ಕಟ್ಟಿದ ಕುರನೂರು ಜಲಾಶಯದಂಥ ನೀರಿನ ತಾಣಗಳಿಗೆ ಪಟ್ಟೆತಲೆಯ ಹೆಬ್ಬಾತಿನಂಥ ವಲಸೆ ಹಕ್ಕಿಗಳು ಬರುವ ಚಳಿಗಾಲ ಅದೇ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮರು ಕೆರೆ ತೋಡಿಸಿದ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ ನೆಲಕ್ಕೆ ನೀರುಹಕ್ಕಿಗಳ ಈ ಎಣಿಕೆ ಒಪ್ಪುವ ಕೆಲಸವೇ ಸರಿ. ಬುದ್ಧಪೂರ್ಣಿಮೆಯ ಬೆಳದಿಂಗಳಿನಲ್ಲಿ, ಬೇಸಿಗೆಯ ಬೇಗೆಗೆ ಉಳಿದ ಕೆಲವೇ ನೀರುಗುಂಡಿಗಳ ಬಳಿ ಅಟ್ಟಣೆ ಹಾಕಿ ಕುಳಿತು, ನೀರಿಗೆ ಬರುವ ಕೃಷ್ಣಮೃಗ, ತೋಳ, ನರಿಗಳನ್ನು ರಾತ್ರಿಯಿಡೀ ಎಣಿಸುವುದು ಮಹಾರಾಷ್ಟ್ರದ ಅರಣ್ಯ ಇಲಾಖೆಯ ರೂಢಿ.

ಮಳೆಗಾಲದ ಮರ ನೆಡುವ ಉತ್ಸಾಹ ಮಾತ್ರ ಮಾಳಕ್ಕೆ ಹಿತವಾಗಿಲ್ಲ. ಬರಪೀಡಿತ ಪ್ರದೇಶ ಅಭಿವೃದ್ಧಿ ಯೋಜನೆಯಲ್ಲಿ ಬೇಲಿ ಹಾಕಿದ ತಾಕುಗಳಲ್ಲಿ ಹುಲ್ಲು ಚೇತರಿಸಿಕೊಂಡು ಹಕ್ಕಿಗೆ ಆಸರೆಯಾದದ್ದು ನಿಜ. ಆದರೆ ಅಲ್ಲಿಯೇ ನೆಟ್ಟ ಗ್ಲಿರಿಸಿಡಿಯಾದಂಥ ಪರದೇಶದ ಗಿಡಗಳು ಎತ್ತರ ಬೆಳೆದಂತೆ, ದೂರದವರೆಗೆ ಕಣ್ಣು ಹಾಯಬೇಕಾದ ಎರೆಭೂತ ಆ ಜಾಗವನ್ನು ಬಿಟ್ಟಿತು. ನೀರಾವರಿಯೊಂದಿಗೆ ಕಬ್ಬು, ದ್ರಾಕ್ಷಿ ಹಬ್ಬಿದ್ದು, ವಿದ್ಯುತ್ ತಂತಿಗಳು ಹೆಚ್ಚಿದ್ದು ಉಳಿದ ಕಾರಣಗಳು. ಖಾಲಿ ಬಯಲನ್ನು ಬಂಜರು ಎಂದು ಬರೆದುಕೊಂಡ ಕಡತಗಳೂ ಈ ನಷ್ಟದ ಪಾಲುದಾರರೇ.

ಇಂದು ದೇಶದಲ್ಲಿ ಉಳಿದಿರುವ ಎರೆಭೂತಗಳು ಸುಮಾರು ನೂರೈವತ್ತರ ಒಳಗಿದ್ದು, ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಕಡೆಗಿವೆ. ಕರ್ನಾಟಕದ ಸಿರುಗುಪ್ಪದ ಎರೆಹೊಲಗಳಲ್ಲಿ ಕೆಲವೇ ಕೆಲವು ಕಾಣಸಿಗುತ್ತವೆ. ನಾನ್ನಜ್ ಕಡೆಯ ಗಣತಿಯಲ್ಲಿ ಒಂದೇ ಹಕ್ಕಿ ಕಂಡ ವರ್ಷವೂ ಉಂಟು. ಹಾಗಿದ್ದೂ ಮಾಳಢೋಕ್ ಗಣತಿ ನಿಂತಿಲ್ಲ. ಹಕ್ಕಿ ಕಾಣದ ಮಾಳದಲ್ಲೂ ಹುಲ್ಲಿನ ಎತ್ತರ, ಮೇಯುವ ದನ, ಅಲೆಯುವ ನಾಯಿ, ಕೃಷ್ಣಮೃಗಗಳ ಹಿಂಡು ಎಲ್ಲವೂ ನೋಡುವವರಿಗೆ ಕಾಣಿಸುತ್ತಲೇ ಇರುತ್ತವೆ.