ರಾತ್ರಿ ಸುತ್ತಿ ಮಲಗಿದರೆ ಬೆಳಿಗ್ಗೆ ಗುಂಗುರು!

ಮಕ್ಕಳೇ, ಭಾನುವಾರ ತಲೆಗೆ ನೀರು ಹಾಕಿಕೊಂಡು, ಕೂದಲು ಪೂರ್ತಿ ಒಣಗುವ ಮೊದಲೇ ಜಡೆ ಹಾಕಿಸಿಕೊಂಡು ಮಲಗಿದ್ದೀರಾ? ಸೋಮವಾರ ಬೆಳಿಗ್ಗೆ ಜಡೆ ಬಿಚ್ಚಿದಾಗ ಏನು ಕಂಡಿರಿ? ನೆಟ್ಟಗಿದ್ದ ಕೂದಲು ಅಲೆ ಅಲೆಯಾಗಿ ನಿಂತಿರುತ್ತದೆ. ಬಾಚಿದರೂ ಅಲೆ ಬೇಗ ಹೋಗುವುದಿಲ್ಲ. ಹುಡುಗರೇ, ನೀವು ಇದನ್ನು ಅಕ್ಕನ ಅಥವಾ ತಂಗಿಯ ಕೂದಲಿನಲ್ಲಿ ನೋಡಿರಬಹುದು. ಕೂದಲಿಗೆ ಯಾವ ಔಷಧಿಯನ್ನೂ ಹಚ್ಚಿರಲಿಲ್ಲ, ಬಿಸಿಯನ್ನೂ ಮಾಡಿರಲಿಲ್ಲ. ಹಾಗಾದರೆ ಅಲೆ ಎಲ್ಲಿಂದ ಬಂತು?

ಇದೇ ಉಪಾಯವನ್ನು ಯುರೋಪ್ ಮತ್ತು ಅಮೆರಿಕದ ಹೆಂಗಸರು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಒದ್ದೆ ಕೂದಲನ್ನು ಬಟ್ಟೆಯ ಚಿಂದಿಗಳಿಗೆ ಸುತ್ತಿ, ಗಂಟು ಹಾಕಿ ಮಲಗುವುದು ಅಲ್ಲಿನ ಹಳೆಯ ಪದ್ಧತಿ. ಬೆಳಿಗ್ಗೆ ಗಂಟು ಬಿಚ್ಚಿದರೆ ಗುಂಗುರು ಕೂದಲು ಸಿದ್ಧ. 1950 ಮತ್ತು 1960ರ ದಶಕಗಳಲ್ಲಿ ಚಿಂದಿಯ ಬದಲಿಗೆ ಪ್ಲಾಸ್ಟಿಕ್ ಹಾಗೂ ಲೋಹದ ಕೊಳವೆಗಳು ಮನೆಮನೆಯಲ್ಲಿ ಬಳಕೆಗೆ ಬಂದವು. ಇವನ್ನು ಕರ್ಲರ್ ಅಥವಾ ರೋಲರ್ ಎನ್ನುತ್ತಾರೆ. ತಲೆಯ ತುಂಬ ಇಂತಹ ಕೊಳವೆಗಳನ್ನು ಪಿನ್ನು ಚುಚ್ಚಿ ನಿಲ್ಲಿಸಿ, ಮೇಲೆ ಬಲೆ ಕಟ್ಟಿ ಹೆಂಗಸರು ಮಲಗುತ್ತಿದ್ದರು. ಆದರೆ ನಿದ್ದೆ? ಬಲಕ್ಕೆ ಹೊರಳಿದರೆ ಒಂದು ಕೊಳವೆ ಒತ್ತುತ್ತದೆ. ಎಡಕ್ಕೆ ಹೊರಳಿದರೆ ಇನ್ನೊಂದು ಚುಚ್ಚುತ್ತದೆ. ಕೂದಲು ಚೆನ್ನಾಗಿ ಕಾಣಬೇಕಾದರೆ ಇಷ್ಟು ನೋವು ಸಹಿಸಲೇಬೇಕು ಎಂದು ಎಷ್ಟೋ ಜನ ನಂಬಿದ್ದರು.

ನಿಜವಾಗಿಯೂ ಸಹಿಸಬೇಕೇ? ಇದಕ್ಕೆ ಉತ್ತರ ಬೇಕಾದರೆ ಮೊದಲು ಕೂದಲಿನ ಒಳಗೆ ಇಣುಕಬೇಕು.

ಕೂದಲಿನ ಒಳಗೇನಿದೆ?

ನಮ್ಮ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಒಂದೊಂದೂ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಕೂದಲು ಮುಖ್ಯವಾಗಿ ಕೆರಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ನಮ್ಮ ಉಗುರು, ಹಸುವಿನ ಕೊಂಬು, ಕುರಿಯ ಉಣ್ಣೆ ಇವೆಲ್ಲವೂ ಕೆರಟಿನ್‌ನಿಂದಲೇ ಆದವು. ಇದರ ಅಣುಗಳು ಉದ್ದವಾದ ಎಳೆಗಳಂತೆ ಇರುತ್ತವೆ. ತೆಂಗಿನ ನಾರನ್ನು ಹೊಸೆದು ಹಗ್ಗ ಮಾಡಿದಂತೆ, ಈ ಎಳೆಗಳು ಒಂದರ ಪಕ್ಕ ಒಂದು ಸೇರಿ ಕೂದಲಾಗುತ್ತವೆ.

ಈ ಎಳೆಗಳನ್ನು ಜಾರದಂತೆ ಹಿಡಿದಿಡುವ ಬಂಧಗಳಲ್ಲಿ ಎರಡು ಬಗೆಯವು ಮುಖ್ಯ. ಅವನ್ನು ತಿಳಿಯಲು ಒಂದು ಆಟ ನೆನಪಿಸಿಕೊಳ್ಳಿ. ಶಾಲೆಯ ಅಂಗಳದಲ್ಲಿ ಮಕ್ಕಳು ಎರಡು ಸಾಲಾಗಿ ಎದುರು ಬದುರು ನಿಂತಿದ್ದಾರೆ. ಹೆಚ್ಚಿನವರು ಎದುರಿನವರ ಬೆರಳನ್ನು ಹಗುರವಾಗಿ ಹಿಡಿದಿದ್ದಾರೆ. ಕೆಲವರು ಮಾತ್ರ ಸೊಂಟಕ್ಕೆ ಹಗ್ಗ ಬಿಗಿದುಕೊಂಡಿದ್ದಾರೆ. ಬೆರಳಿನ ಹಿಡಿತವೇ ಹೈಡ್ರೋಜನ್ ಬಂಧ. ಒಂದೊಂದಾಗಿ ನೋಡಿದರೆ ಇದು ದುರ್ಬಲ, ಆದರೆ ಇವುಗಳ ಸಂಖ್ಯೆ ಬಹಳ. ಹಗ್ಗದ ಬಿಗಿತವೇ ಗಂಧಕದ ಬಂಧ. ಇದು ಬಲವಾದದ್ದು. ಕೂದಲು ಸುಟ್ಟಾಗ ಬರುವ ಕೆಟ್ಟ ವಾಸನೆಗೆ ಈ ಗಂಧಕವೂ ಒಂದು ಕಾರಣ.

ನೀರು ಮಾಡುವ ಕೆಲಸ

ಈಗ ಆ ಎರಡು ಸಾಲುಗಳ ನಡುವೆ ಬೇರೆ ಮಕ್ಕಳು ನುಗ್ಗುತ್ತಾರೆ ಎಂದುಕೊಳ್ಳಿ. ಅವರು ಸಾಲಿನವರ ಕೈ ಬಿಡಿಸಿ ತಾವೇ ಹಿಡಿದುಕೊಳ್ಳುತ್ತಾರೆ. ಸಾಲುಗಳು ಸಡಿಲವಾಗುತ್ತವೆ. ಆದರೆ ಹಗ್ಗ ಬಿಗಿದುಕೊಂಡವರನ್ನು ಬೇರ್ಪಡಿಸಲು ಅವರಿಂದ ಆಗುವುದಿಲ್ಲ. ಕೂದಲಿನೊಳಗೆ ನೀರಿನ ಅಣುಗಳು ಮಾಡುವುದು ಇದನ್ನೇ. ಕೂದಲು ತನ್ನ ತೂಕದ ಸುಮಾರು ಶೇಕಡ 30ರಷ್ಟು ನೀರು ಹೀರಬಲ್ಲದು. ನೀರು ಒಳಗೆ ಹೋದಾಗ ಹೈಡ್ರೋಜನ್ ಬಂಧಗಳು ಬಿಟ್ಟುಕೊಳ್ಳುತ್ತವೆ, ಕೂದಲು ಉಬ್ಬುತ್ತದೆ, ಬಾಗಿಸಿದ ಕಡೆ ಸುಲಭವಾಗಿ ಬಾಗುತ್ತದೆ.

ಒದ್ದೆ ಕೂದಲನ್ನು ಯಾವುದಾದರೊಂದು ವಸ್ತುವಿಗೆ ಸುತ್ತಿ ಬಿಟ್ಟರೆ ನೀರು ಮೆಲ್ಲಗೆ ಆರುತ್ತದೆ. ನಡುವೆ ನುಗ್ಗಿದ ಮಕ್ಕಳು ಒಬ್ಬೊಬ್ಬರಾಗಿ ಹೊರಟುಹೋದಂತೆ. ಆಗ ಸಾಲಿನವರು ತಮ್ಮ ಎದುರಿಗೆ ಈಗ ಯಾರಿದ್ದಾರೋ ಅವರ ಕೈ ಹಿಡಿಯುತ್ತಾರೆ. ಹೈಡ್ರೋಜನ್ ಬಂಧಗಳು ಹೀಗೆ ಹೊಸ ಜಾಗದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಕೂದಲು ಸುರುಳಿಯ ಆಕಾರದಲ್ಲೇ ನಿಲ್ಲುತ್ತದೆ.

ನಿಮ್ಮ ಸಮವಸ್ತ್ರಕ್ಕೆ ಇಸ್ತ್ರಿ ಮಾಡುವುದನ್ನು ಗಮನಿಸಿ. ಮೊದಲು ನೀರು ಚಿಮುಕಿಸುತ್ತಾರೆ, ಆಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತಾರೆ. ಹತ್ತಿಯ ನೂಲಿನಲ್ಲಿಯೂ ಹೈಡ್ರೋಜನ್ ಬಂಧಗಳಿವೆ. ನೀರು ಅವನ್ನು ಸಡಿಲಿಸುತ್ತದೆ, ಬಿಸಿಯು ನೀರನ್ನು ಬೇಗ ಓಡಿಸುತ್ತದೆ, ಗೆರೆ ನಿಲ್ಲುತ್ತದೆ. ಬಟ್ಟೆಗೆ ಇಸ್ತ್ರಿಪೆಟ್ಟಿಗೆ ಒಂದು ನಿಮಿಷದಲ್ಲಿ ಮಾಡುವ ಕೆಲಸವನ್ನು ಕೂದಲಿಗೆ ರಾತ್ರಿಯ ಗಾಳಿ ನಿಧಾನವಾಗಿ ಮಾಡುತ್ತದೆ.

ಇಲ್ಲೊಂದು ಮುಖ್ಯ ಮಾತಿದೆ. ಸುರುಳಿಯನ್ನು ನಿಲ್ಲಿಸುವುದು ನೀರು ಆರುವ ಕ್ರಿಯೆ. ಕೊಳವೆ ಎಷ್ಟು ಗಟ್ಟಿ, ಕೂದಲನ್ನು ಎಷ್ಟು ಜೋರಾಗಿ ಎಳೆದಿದ್ದೇವೆ ಎಂಬುದು ಅಲ್ಲ. ನೀವೇ ಪರೀಕ್ಷಿಸಿ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: ಬಾಚಣಿಗೆಯಲ್ಲಿ ಉಳಿದ ನಿಮ್ಮ ಮನೆಯವರ ಉದ್ದ ಕೂದಲು (ತೊಳೆದದ್ದು), ದಾರ, ಮೂರು ಪೆನ್ಸಿಲ್, ಹತ್ತಿ ಬಟ್ಟೆಯ ಚೂರು, ಒಂದು ಬಟ್ಟಲು ನೀರು.

ಹತ್ತು ಹತ್ತು ಕೂದಲುಗಳ ನಾಲ್ಕು ಕಟ್ಟು ಮಾಡಿ, ತುದಿಗೆ ದಾರ ಕಟ್ಟಿ. ಬಟ್ಟೆಯ ಚೂರನ್ನು ಪೆನ್ಸಿಲಿನಷ್ಟೇ ದಪ್ಪಕ್ಕೆ ಸುರುಳಿ ಸುತ್ತಿ.

1. ಮೊದಲ ಕಟ್ಟನ್ನು ಒದ್ದೆ ಮಾಡಿ ಪೆನ್ಸಿಲಿಗೆ ಸುತ್ತಿ, ರಾತ್ರಿಯಿಡೀ ಬಿಡಿ.
2. ಎರಡನೆಯದನ್ನು ಒದ್ದೆ ಮಾಡಿ ಬಟ್ಟೆಯ ಸುರುಳಿಗೆ ಸುತ್ತಿ, ರಾತ್ರಿಯಿಡೀ ಬಿಡಿ.
3. ಮೂರನೆಯದನ್ನು ಒಣಗಿರುವಾಗಲೇ ಪೆನ್ಸಿಲಿಗೆ ಸುತ್ತಿ, ರಾತ್ರಿಯಿಡೀ ಬಿಡಿ.
4. ನಾಲ್ಕನೆಯದನ್ನು ಒದ್ದೆ ಮಾಡಿ ಪೆನ್ಸಿಲಿಗೆ ಸುತ್ತಿ, ಐದೇ ನಿಮಿಷದಲ್ಲಿ ಬಿಚ್ಚಿ.

ಯಾವುದರಲ್ಲಿ ಸುರುಳಿ ಚೆನ್ನಾಗಿ ನಿಂತಿದೆ? ಒಂದನೆಯದು ಮತ್ತು ಎರಡನೆಯದನ್ನು ಹೋಲಿಸಿ ನೋಡಿ. ಗಟ್ಟಿ ಪೆನ್ಸಿಲ್, ಮೆತ್ತನೆಯ ಬಟ್ಟೆ ಎರಡೂ ಒಂದೇ ದಪ್ಪವಿದ್ದರೆ ಸುರುಳಿಯೂ ಹೆಚ್ಚುಕಡಿಮೆ ಒಂದೇ ತರಹ ಬರುತ್ತದೆ. ಮೂರನೆಯದರಲ್ಲಿ ಬಂಧಗಳು ಸಡಿಲವಾಗಲೇ ಇಲ್ಲ. ನಾಲ್ಕನೆಯದರಲ್ಲಿ ಸಡಿಲವಾದವು, ಆದರೆ ಮತ್ತೆ ಕೂಡಿಕೊಳ್ಳಲು ಸಮಯ ಸಿಗಲಿಲ್ಲ. ಕೊನೆಗೆ ಮೊದಲ ಕಟ್ಟಿನ ಮೇಲೆ ನೀರು ಚಿಮುಕಿಸಿ. ಏನಾಗುತ್ತದೆ, ಏಕೆ ಎಂದು ನೀವೇ ಹೇಳಿ.

ನೋವು ಏಕೆ?

ಕೂದಲಿಗೆ ನರಗಳಿಲ್ಲ. ಅದಕ್ಕೇ ಕತ್ತರಿಸಿದರೆ ನೋಯುವುದಿಲ್ಲ. ಆದರೆ ಪ್ರತಿ ಕೂದಲಿನ ಬುಡದ ಸುತ್ತ, ಚರ್ಮದೊಳಗೆ, ನರಗಳ ತುದಿಗಳಿವೆ. ಎಳೆದರೆ ಅವು ತಕ್ಷಣ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಇದು ನೋವಿನ ಮೊದಲ ಕಾರಣ.

ಎರಡನೆಯ ಕಾರಣ ಒತ್ತಡ. ದೊಡ್ಡವರ ತಲೆ 4ರಿಂದ 5 ಕಿಲೋಗ್ರಾಂ ತೂಗುತ್ತದೆ. ಲೆಕ್ಕಕ್ಕೆ 4 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಮೆತ್ತನೆಯ ದಿಂಬಿನ ಮೇಲೆ ತಲೆ 100 ಚದರ ಸೆಂಟಿಮೀಟರ್ ಜಾಗದಲ್ಲಿ ಒರಗಿದರೆ, ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಭಾರ 40 ಗ್ರಾಂ. ಅದೇ ತಲೆ ನಾಲ್ಕು ಗಟ್ಟಿ ಕೊಳವೆಗಳ ಮೇಲೆ, ಒಂದೊಂದಕ್ಕೆ 2 ಚದರ ಸೆಂಟಿಮೀಟರಿನಂತೆ, ಒಟ್ಟು 8 ಚದರ ಸೆಂಟಿಮೀಟರ್ ಜಾಗದಲ್ಲಿ ನಿಂತರೆ? ಪ್ರತಿ ಚದರ ಸೆಂಟಿಮೀಟರಿಗೆ 500 ಗ್ರಾಂ! ಹನ್ನೆರಡು ಪಟ್ಟಿಗಿಂತಲೂ ಹೆಚ್ಚು.

ನೀರಿನ ಕೊಡವನ್ನು ತಲೆಯ ಮೇಲೆ ಹೊರುವಾಗ ಬಟ್ಟೆಯ ಸಿಂಬೆ ಇಟ್ಟುಕೊಳ್ಳುವುದನ್ನು ನೀವು ಕಂಡಿದ್ದೀರಿ. ಸಿಂಬೆಯಿಂದ ಕೊಡದ ಭಾರ ಕಡಿಮೆಯಾಗುವುದಿಲ್ಲ. ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ, ಅಷ್ಟೇ. ಕೂದಲು ಸುತ್ತುವ ಬಟ್ಟೆಯೂ ಹಾಗೆಯೇ. ತಲೆ ಒರಗಿದಾಗ ಅದು ಚಪ್ಪಟೆಯಾಗಿ ಭಾರವನ್ನು ಹಂಚುತ್ತದೆ. ಈಚಿನ ಸ್ಪಂಜಿನ ರೋಲರ್‌ಗಳ ಗುಟ್ಟೂ ಇದೇ.

ನಿದ್ದೆ ಕೆಡದಂತೆ ಸುತ್ತುವುದು ಹೇಗೆ?

ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ನಿಮಗೆ ಗುಂಗುರು ಕೂದಲಿನ ಪಾತ್ರ ಸಿಕ್ಕಿದೆ ಎನ್ನೋಣ. ಅಮ್ಮನ ಅಥವಾ ಅಕ್ಕನ ಸಹಾಯ ಪಡೆದು ಹೀಗೆ ಮಾಡಬಹುದು.

• ಕೂದಲು ಮುಕ್ಕಾಲು ಪಾಲು ಒಣಗಿರಲಿ. ಹಿಂಡಿದರೆ ನೀರು ಬರಬಾರದು, ಮುಟ್ಟಿದರೆ ತಂಪೆನಿಸಬೇಕು. ನೀರು ಸುರಿಯುವ ಕೂದಲನ್ನು ಸುತ್ತಿದರೆ ಬೆಳಗಾದರೂ ಒಳಗೆ ಒಣಗುವುದಿಲ್ಲ. ತೊಯ್ದ ಕೂದಲು ಎಳೆದರೆ ಬೇಗ ತುಂಡಾಗುತ್ತದೆ ಕೂಡ.

• ಹಳೆಯ ಹತ್ತಿ ಸೀರೆಯನ್ನೋ ಪಂಚೆಯನ್ನೋ ಮೂರು ಬೆರಳು ಅಗಲ, ಒಂದು ಗೇಣು ಉದ್ದದ ಪಟ್ಟಿಗಳಾಗಿ ಹರಿದುಕೊಳ್ಳಿ. ಒಂದು ಬೆರಳು ದಪ್ಪದ ಕೂದಲನ್ನು ಸಿಕ್ಕು ಬಿಡಿಸಿ, ಅದರ ತುದಿಯನ್ನು ಪಟ್ಟಿಯ ನಡುವೆ ಇಟ್ಟು, ತಲೆಯ ಕಡೆಗೆ ಸುತ್ತುತ್ತ ಹೋಗಿ.

• ಬುಡದವರೆಗೂ ಸುತ್ತಬೇಡಿ. ಒಂದು ಬೆರಳಿನ ಅಗಲ ಬಿಟ್ಟು, ಪಟ್ಟಿಯ ಎರಡು ತುದಿಗಳನ್ನು ಸಡಿಲವಾಗಿ ಗಂಟು ಹಾಕಿ. ಹುಬ್ಬು ಮೇಲೆತ್ತಿದಾಗ ಹಣೆಯ ಚರ್ಮ ಎಳೆದಂತಾದರೆ ಬಿಗಿ ಹೆಚ್ಚಾಯಿತು ಎಂದು ಅರ್ಥ. ಬಿಚ್ಚಿ ಮತ್ತೆ ಸುತ್ತಿ.

• ಅಂಗಾತ ಮಲಗುವ ಅಭ್ಯಾಸವಿದ್ದರೆ ಗಂಟುಗಳು ನೆತ್ತಿಯ ಕಡೆ ಮತ್ತು ಪಕ್ಕಗಳಲ್ಲಿರಲಿ. ಮಗ್ಗುಲಾಗಿ ಮಲಗುವವರಾದರೆ ಕಿವಿಯ ಮೇಲೆ ಗಂಟು ಬೇಡ.

• ಮೇಲೊಂದು ತೆಳು ಹತ್ತಿ ಬಟ್ಟೆಯನ್ನು ತಲೆಗೆ ಮಾತ್ರ ಕಟ್ಟಿ. ಕುತ್ತಿಗೆಗೆ ಯಾವುದನ್ನೂ ಕಟ್ಟಬಾರದು.

• ಬೆಳಿಗ್ಗೆ ಮುಟ್ಟಿ ನೋಡಿ. ತಂಪಾಗಿದ್ದರೆ ಇನ್ನೂ ಒಣಗಿಲ್ಲ. ಪೂರ್ತಿ ಒಣಗಿದ ಮೇಲೆಯೇ ಬಿಚ್ಚಿ.

ಮಳೆ ಬಂದರೆ ಗುಂಗುರು ಹೋಯಿತು!

ಇಷ್ಟೆಲ್ಲ ಮಾಡಿದರೂ ಈ ಸುರುಳಿ ಶಾಶ್ವತವಲ್ಲ. ಗಾಳಿಯಲ್ಲಿನ ತೇವಾಂಶ ಮತ್ತೆ ಕೂದಲಿನೊಳಗೆ ನುಗ್ಗಿ ಬಂಧಗಳನ್ನು ಸಡಿಲಿಸುತ್ತದೆ. ಆದ್ದರಿಂದ ಬೇಸಗೆಯ ಬಯಲುಸೀಮೆಯಲ್ಲಿ ನಿಲ್ಲುವಷ್ಟು ಹೊತ್ತು ಮಳೆಗಾಲದ ಕರಾವಳಿಯಲ್ಲಿ ಅದು ನಿಲ್ಲಲಾರದು. ಕೂದಲಿನ ಈ ಗುಣವನ್ನೇ ಬಳಸಿಕೊಂಡವರು ಜಿನೀವಾದ ವಿಜ್ಞಾನಿ ಸೊಸ್ಯೂರ್. ತೇವಾಂಶ ಹೆಚ್ಚಿದಾಗ ಕೂದಲು ತುಸು ಉದ್ದವಾಗುತ್ತದೆ, ಕಡಿಮೆಯಾದಾಗ ಗಿಡ್ಡವಾಗುತ್ತದೆ. ಕೂದಲಿಗೆ ಮುಳ್ಳೊಂದನ್ನು ಜೋಡಿಸಿ ಗಾಳಿಯ ತೇವಾಂಶ ಅಳೆಯುವ ಉಪಕರಣವನ್ನು ಅವರು 1783ರಲ್ಲಿ ವಿವರಿಸಿದರು. ಅಂತಹ ಉಪಕರಣಗಳನ್ನು ಹವಾಮಾನ ಕೇಂದ್ರಗಳಲ್ಲಿ ಬಹುಕಾಲ ಬಳಸಿದರು.

ಸುರುಳಿ ತಿಂಗಳುಗಟ್ಟಲೆ ನಿಲ್ಲಬೇಕಾದರೆ ಗಂಧಕದ ಬಂಧಗಳನ್ನೇ ಬಿಡಿಸಿ ಮತ್ತೆ ಕೂಡಿಸಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿದ್ದ ಜರ್ಮನಿಯ ಕ್ಷೌರಿಕ ಕಾರ್ಲ್ ನೆಸ್ಲರ್ ಇದಕ್ಕೆ ಕಾದ ಹಿತ್ತಾಳೆಯ ಸರಳುಗಳನ್ನು ಬಳಸಿದರು. ಪ್ರಯೋಗ ನಡೆದದ್ದು ಅವರ ಹೆಂಡತಿಯ ತಲೆಯ ಮೇಲೆ. ಮೊದಲ ಪ್ರಯತ್ನಗಳಲ್ಲಿ ಆಕೆಯ ಕೂದಲು ಸುಟ್ಟುಹೋಯಿತು, ತಲೆಯ ಚರ್ಮವೂ ಸುಟ್ಟಿತು. 1940ರ ದಶಕದಲ್ಲಿ ಬಿಸಿಯಿಲ್ಲದೆ ಈ ಕೆಲಸ ಮಾಡುವ ರಾಸಾಯನಿಕಗಳು ಬಳಕೆಗೆ ಬಂದವು. ಅವೂ ಮಕ್ಕಳ ತಲೆಗೆ ತಕ್ಕವಲ್ಲ.

ಜಡೆಗೂ ಇದೇ ಮಾತು

ಬಿಗಿಯಾಗಿ ಎಳೆದಷ್ಟೂ ಕೂದಲು ಚೆನ್ನಾಗಿ ನಿಲ್ಲುತ್ತದೆ ಎಂಬುದು ಕರ್ಲರ್ ವಿಷಯದಲ್ಲಿ ಮಾತ್ರ ಇರುವ ತಪ್ಪು ನಂಬಿಕೆಯಲ್ಲ. ದಿನವೂ ಶಾಲೆಗೆ ಬಿಗಿ ಜಡೆ ಹಾಕಿಕೊಂಡು, ಸಂಜೆಯ ಹೊತ್ತಿಗೆ ತಲೆ ನೋವು ಎನ್ನುವ ಹುಡುಗಿಯರಿದ್ದಾರೆ. ಒಂದೇ ಕಡೆಗೆ ಎಡೆಬಿಡದೆ ಎಳೆಯುತ್ತಿದ್ದರೆ ಹಣೆಯಂಚಿನ ಮತ್ತು ಕಿವಿಯ ಮುಂದಿನ ಕೂದಲು ಉದುರತೊಡಗುತ್ತದೆ. ಗ್ರೀನ್‌ಲೆಂಡಿನಲ್ಲಿ ಕೂದಲನ್ನು ಬಿಗಿಯಾಗಿ ಎಳೆದು ಕಟ್ಟುತ್ತಿದ್ದವರಲ್ಲಿ ಇದನ್ನು 1907ರಲ್ಲಿಯೇ ಗುರುತಿಸಿದ್ದರು. ಬೇಗ ಎಚ್ಚೆತ್ತು ಬಿಗಿ ಬಿಟ್ಟರೆ ಕೂದಲು ಮತ್ತೆ ಬೆಳೆಯುತ್ತದೆ. ವರ್ಷಗಟ್ಟಲೆ ಹಾಗೇ ಮುಂದುವರಿದರೆ ಬುಡವೇ ಸತ್ತು, ಅಲ್ಲಿ ಮತ್ತೆ ಬೆಳೆಯದೆ ಹೋಗಬಹುದು. ಆದ್ದರಿಂದ ಜಡೆ ಹಾಕುವಾಗ ನೋವಾದರೆ ಸುಮ್ಮನೆ ಕೂರಬೇಡಿ. "ಅಮ್ಮಾ, ಸ್ವಲ್ಪ ಸಡಿಲ ಮಾಡು" ಎಂದು ಹೇಳಿ. ರಾತ್ರಿ ಮಲಗುವ ಮುನ್ನ ಬಿಗಿ ಜಡೆಯನ್ನು ಬಿಚ್ಚಿ ಸಡಿಲವಾಗಿ ಹಾಕಿಕೊಳ್ಳಿ.

ನಿಮ್ಮ ತರಗತಿಯಲ್ಲಿ ಹುಟ್ಟಿನಿಂದಲೇ ಗುಂಗುರು ಕೂದಲಿರುವವರು ಯಾರಾದರೂ ಇದ್ದಾರೆಯೇ? ಅವರ ಕೂದಲೂ ಅದೇ ಕೆರಟಿನ್‌ನಿಂದ ಆದದ್ದು. ಚರ್ಮದೊಳಗಿನ ಕೂದಲ ಚೀಲ ಬಾಗಿರುವುದರಿಂದ ಅದು ಬಾಗಿಕೊಂಡೇ ಹೊರಬರುತ್ತದೆ. ಅವರು ರಾತ್ರಿ ಏನನ್ನೂ ಸುತ್ತಿಕೊಳ್ಳಬೇಕಾಗಿಲ್ಲ.

ಯೋಚಿಸಿ ಉತ್ತರಿಸಿ

1. ದಪ್ಪ ಬಟ್ಟೆಯ ಸುರುಳಿಗೆ ಸುತ್ತಿದ ಕೂದಲಿಗೂ ತೆಳು ಸುರುಳಿಗೆ ಸುತ್ತಿದ ಕೂದಲಿಗೂ ಏನು ವ್ಯತ್ಯಾಸ ಕಾಣುತ್ತದೆ?
2. ಒದ್ದೆಯಾದ ಪುಸ್ತಕದ ಹಾಳೆ ಒಣಗಿದ ಮೇಲೆ ಸೊಟ್ಟಗೇ ಉಳಿಯುತ್ತದೆ. ಏಕಿರಬಹುದು?
3. ನಿಮ್ಮ ಶಾಲೆಯ ಚೀಲದ ಪಟ್ಟಿ ಅಗಲವಾಗಿದ್ದರೆ ಹೆಗಲಿಗೆ ನೋವು ಕಡಿಮೆ. ಈ ಪಾಠದ ಯಾವ ಭಾಗ ಇದನ್ನು ವಿವರಿಸುತ್ತದೆ?