ಮಾಹಿತಿ ಕೋರುವ ಅರ್ಜಿ: ಸ್ಪಷ್ಟತೆ ಮತ್ತು ಸತ್ಯನಿಷ್ಠೆ

ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಸಲ್ಲಿಸುವ ಅರ್ಜಿಯು ಕರ್ನಾಟಕದ ನಿಯಮಗಳನ್ವಯ ಒಂದೇ ವಿಷಯಕ್ಕೆ ಸಂಬಂಧಿಸಿರತಕ್ಕದ್ದು. ಸಾಮಾನ್ಯವಾಗಿ 150 ಪದಗಳನ್ನು ಮೀರತಕ್ಕದ್ದಲ್ಲ.

“ಖಾತೆ ಬದಲಾವಣೆ ಏಕೆ ಆಗಿಲ್ಲ?” ಎಂದು ಕೇಳುವುದಕ್ಕಿಂತ, ಮೂಲ ಅರ್ಜಿಯ ಸಂಖ್ಯೆ, ದಿನಾಂಕಗಳನ್ನು ನಮೂದಿಸಿ ಸದರಿ ಕಡತದ ಟಿಪ್ಪಣಿ ಹಾಳೆಗಳ ಪ್ರತಿಯನ್ನು ಕೋರುವುದು ಸೂಕ್ತ. ದಾಖಲೆಯಲ್ಲಿ ಇರುವುದನ್ನು ಮಾತ್ರ ಅಧಿಕಾರಿಯು ಒದಗಿಸಬಲ್ಲರು. ವಿಳಂಬದ ಕಾರಣವೂ ಅಲ್ಲಿಯೇ ಕಂಡುಬರಬಹುದು.

ಮಾಹಿತಿ ಏಕೆ ಬೇಕೆಂದು ಅರ್ಜಿದಾರರು ತಿಳಿಸಬೇಕಾಗಿಲ್ಲ. ಬರೆಯಲಾಗದವರ ಮೌಖಿಕ ಕೋರಿಕೆಯನ್ನು ಬರಹಕ್ಕಿಳಿಸಲು ನೆರವಾಗುವುದು ಸಾರ್ವಜನಿಕ ಮಾಹಿತಿ ಅಧಿಕಾರಿಯ ಕರ್ತವ್ಯ.

ಸತ್ಯನಿಷ್ಠೆಯು ಕಚೇರಿಗೂ ಅನ್ವಯಿಸುತ್ತದೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸತಕ್ಕದ್ದು. ಕೋರಿಕೆಯನ್ನು ತಿರಸ್ಕರಿಸಿದಲ್ಲಿ ಅದರ ಕಾರಣ, ಮೇಲ್ಮನವಿಯ ಅವಧಿ ಹಾಗೂ ಮೇಲ್ಮನವಿ ಪ್ರಾಧಿಕಾರದ ವಿವರಗಳನ್ನು ತಿಳಿಸತಕ್ಕದ್ದು. ತಿಳಿದೂ ತಪ್ಪು ಮಾಹಿತಿ ನೀಡಿದ ಅಧಿಕಾರಿಯು ದಂಡನೆಗೆ ಗುರಿಯಾಗುತ್ತಾರೆ.