ಮಳೆಗೆ ಕಾಯದ ಚಿಗುರು

ಬೀದರ್ ಸೀಮೆಯ ಹುಮನಾಬಾದ್ ತಾಲ್ಲೂಕಿನ ಘಾಟಬೋರಾಳದ ಕಡೆ ಹೋಳಿ ಹುಣ್ಣಿಮೆ ಹೊತ್ತಿಗೆ ಹೊಲದ ಬದುವಿನ ಮೇಲೆ ನಿಂತು ನೋಡಿ. ತೊಗರಿ ರಾಶಿ ಮುಗಿದಿದೆ, ನೆಲ ಬಿರುಕು ಬಿಟ್ಟಿದೆ, ಮುಂಗಾರಿಗೆ ಇನ್ನೂ ಮೂರು ತಿಂಗಳಿದೆ. ಆದರೂ ಒಂದೆಲೆಯೂ ಇಲ್ಲದ ಮುತ್ತುಗದ ಕೊಂಬೆ ತುಂಬ ಕೆಂಪುಗೇಸರಿ ಹೂ. ಸ್ವಲ್ಪ ದಿನ ಕಳೆದರೆ ಪಕ್ಕದ ಬೇವು ತಾಮ್ರಬಣ್ಣದ ಚಿಗುರು ಹೊರಹಾಕುತ್ತದೆ. ಹನಿ ಮಳೆ ಬೀಳದ ಕಾಲದಲ್ಲಿ ಈ ಮರಗಳಿಗೆ ಇದೆಂಥ ಅವಸರ?

ಉತ್ತರದ ಮೊದಲ ತುಂಡು ಸಿಕ್ಕಿದ್ದು ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೆ ಕಾಡಿನಲ್ಲಿ. 1980ರ ದಶಕದ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಎಸ್. ಮುರಳಿ ಮತ್ತು ಆರ್. ಸುಕುಮಾರ್ ಅಲ್ಲಿನ ಮರಗಳ ಚಿಗುರು, ಹೂವು, ಕಾಯಿಗಳ ಲೆಕ್ಕ ಇಟ್ಟರು. ಎಲೆಯನ್ನು ಹುಳು ಎಷ್ಟು ತಿಂದಿದೆ ಎಂದೂ ನೋಡಿದರು. 1993ರಲ್ಲಿ ಪ್ರಕಟವಾದ ಅವರ ಪ್ರಬಂಧದ ತಿರುಳು ಇಷ್ಟು: ಒಣ ಕಾಲದಲ್ಲೇ ಚಿಗುರಿದ ಮರಗಳಿಗೆ ಹುಳುವಿನ ಕಾಟ ಕಡಿಮೆ, ತಡವಾಗಿ ಚಿಗುರಿದವಕ್ಕೆ ಹೆಚ್ಚು. ಮಳೆಯ ಜೊತೆಗೇ ಹುಳುಗಳ ಸಂಖ್ಯೆಯೂ ಏರುತ್ತದೆ. ಅಷ್ಟರೊಳಗೆ ಎಲೆ ಬಲಿತರೆ ಮರ ಗೆದ್ದಂತೆ.

ಸರಿ, ಆದರೆ ಮಳೆ ಬರುವ ಮೊದಲೇ ‘ಈಗ ಚಿಗುರು’ ಎಂದು ಮರಕ್ಕೆ ಹೇಳುವವರು ಯಾರು? 2002ರಲ್ಲಿ ರೋಲ್ಫ್ ಬೋರ್ಚರ್ಟ್ ಮತ್ತು ಜೊತೆಗಾರರು ಬೇರೆ ಬೇರೆ ದೇಶಗಳ ಒಣಕಾಡುಗಳನ್ನು ಹೋಲಿಸಿ, ಹಗಲು ಅರ್ಧ ಗಂಟೆಯಷ್ಟು ಉದ್ದವಾದರೂ ಹಲವು ಜಾತಿಯ ಮರಗಳಿಗೆ ಸಾಕು ಎಂದು ತೋರಿಸಿದರು. ಬೇರು ಆಳದ ತೇವ ಹೀರಿಕೊಳ್ಳುತ್ತದೆ, ಗಡಿಯಾರದ ಕೆಲಸವನ್ನು ಸೂರ್ಯ ಮಾಡುತ್ತಾನೆ. ಬೀದರ್ ಸೀಮೆಯಲ್ಲಿ ಸಂಕ್ರಾಂತಿಯಿಂದ ಮಾರ್ಚ್ ಕೊನೆಯ ಹೊತ್ತಿಗೆ ಹಗಲು ಸುಮಾರು ಒಂದು ಗಂಟೆ ಬೆಳೆಯುತ್ತದೆ.

ಹವಾಮಾನ ಬದಲಾವಣೆಯ ತೊಡಕು ಇರುವುದು ಇಲ್ಲೇ. ಭೂಮಿ ಎಷ್ಟೇ ಕಾದರೂ ಹಗಲಿನ ಉದ್ದ ಬದಲಾಗುವುದಿಲ್ಲ. ಮಳೆ ಬದಲಾಗುತ್ತದೆ, ಹುಳು ಮೊಟ್ಟೆಯೊಡೆಯುವ ದಿನವೂ ಬದಲಾಗಬಹುದು. ಸೂರ್ಯನನ್ನು ನಂಬಿದ ಮರವೂ ಮಳೆಯನ್ನು ನಂಬಿದ ಹುಳುವೂ ಬೇರೆ ಬೇರೆ ಪಂಚಾಂಗ ಹಿಡಿದು ಕೂತಂತಾಗುತ್ತದೆ. ಶೀತ ದೇಶಗಳಲ್ಲಿ ಲೆಕ್ಕ ಇಷ್ಟು ಗೋಜಲಲ್ಲ. ಅಲ್ಲಿ ಬಹುಪಾಲು ಮರಗಳನ್ನು ಎಬ್ಬಿಸುವುದು ಬೆಚ್ಚನೆಯ ಗಾಳಿ.

ಅಲ್ಲಿ ಅದು ಪತ್ತೆಯಾದದ್ದು ಹಳೆಯ ಬರಹಗಳಿಂದ. ಇಂಗ್ಲೆಂಡಿನ ನಾರ್ಫೋಕ್‌ನ ಜಮೀನ್ದಾರ ರಾಬರ್ಟ್ ಮಾರ್ಷಮ್ 1736ರಲ್ಲಿ ತನ್ನ ತೋಟದ ಮರ ಚಿಗುರಿದ ದಿನ ಬರೆಯತೊಡಗಿದ. ಮನೆತನದವರು ಇಪ್ಪತ್ತನೆಯ ಶತಮಾನದವರೆಗೂ ಅದನ್ನು ಬಿಡಲಿಲ್ಲ. ಜಪಾನಿನ ಯಾಸುಯುಕಿ ಅವೊನೊ ಅವರಂತೂ ಅರಸರ, ಭಿಕ್ಷುಗಳ ದಿನಚರಿಗಳನ್ನು ಜಾಲಾಡಿ, ಕ್ಯೋಟೊದ ಚೆರಿ ಹೂವಿನ ದಿನಾಂಕಗಳನ್ನು 812ರವರೆಗೆ ಹಿಂದಕ್ಕೆ ಒಯ್ದರು. 2021ರಲ್ಲಿ ಆ ಹೂವು ಮಾರ್ಚ್ 26ಕ್ಕೇ ಪೂರ್ತಿ ಅರಳಿತು. ಅಲ್ಲಿಯವರೆಗಿನ ಸಾವಿರದ ಇನ್ನೂರು ವರ್ಷಗಳ ದಾಖಲೆಯಲ್ಲಿ ಅಷ್ಟು ಬೇಗ ಅರಳಿದ್ದಿರಲಿಲ್ಲ.

ನಮ್ಮಲ್ಲಿ ಅಂಥ ದಿನಚರಿ ಎಲ್ಲಿದೆ? ಕೇರಳದವರಿಗೆ ಒಂದು ಅನುಕೂಲವಿದೆ. ವಿಷು ಸೌರಮಾನದ ಹಬ್ಬ, ಏಪ್ರಿಲ್ 14ರ ಆಸುಪಾಸು ಬಿಟ್ಟು ಕದಲುವುದಿಲ್ಲ. ಹಾಗಾಗಿ ವಿಷುವಿಗೆ ಬೇಕಾದ ಕಕ್ಕೆ ಹೂ ಮೊದಲೇ ಅರಳಿ ಉದುರಿದರೆ ಊರಿಗೆಲ್ಲ ಗೊತ್ತಾಗುತ್ತದೆ. 2010ರಲ್ಲಿ ಶುರುವಾದ ‘ಸೀಸನ್‌ವಾಚ್’ ಎಂಬ ಯೋಜನೆಗೆ ಅಲ್ಲಿನ ಶಾಲಾಮಕ್ಕಳು ವಾರವಾರ ಮರ ನೋಡಿ ಬರೆದುಕೊಡುತ್ತಿದ್ದಾರೆ. ನಮ್ಮ ಯುಗಾದಿಯೋ ಚಾಂದ್ರಮಾನದ್ದು: 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ಅಧಿಕ ಮಾಸ ಬಂದರೆ ಹಬ್ಬವೇ ವಾರಗಟ್ಟಲೆ ಮುಂದೆ ಹೋಗುತ್ತದೆ. ‘ಈ ಸಲ ಯುಗಾದಿಗೆ ಬೇವಿನ ಹೂವೇ ಸಿಗಲಿಲ್ಲ’ ಎಂಬ ಅಜ್ಜಿಯ ಮಾತಿನಲ್ಲಿ ಸರಿದದ್ದು ಹೂವೋ ಹಬ್ಬವೋ ಹೇಳಲಾಗದು. ಹಿರಿಯರ ನೆನಪಿನ ಮೇಲೆ ನನಗೆ ಗೌರವವಿದೆ, ಆದರೆ ಈ ವಿಷಯದಲ್ಲಿ ಅದೊಂದನ್ನೇ ನೆಚ್ಚಿಕೊಳ್ಳಲಾರೆ.

ಘಾಟಬೋರಾಳದ ಶಾಲೆಯ ಮೇಷ್ಟ್ರಿಗೆ, ಹೊಲದ ಬದುವಿನಲ್ಲಿ ಒಂದು ಬೇವೋ ಮುತ್ತುಗವೋ ಇರುವ ಯಾರಿಗಾದರೂ ಒಂದು ಕೋರಿಕೆ. ಒಂದೇ ಮರ ಆರಿಸಿಕೊಳ್ಳಿ. ಮೊದಲ ಚಿಗುರು, ಮೊದಲ ಹೂ, ಮೊದಲ ಕಾಯಿ ಕಂಡ ದಿನವನ್ನು ಹಬ್ಬದ ಹೆಸರಿನಿಂದಲ್ಲ, ಇಸವಿ, ತಿಂಗಳು, ತಾರೀಖಿನಿಂದ ಬರೆದಿಡಿ. ಮುಂದಿನ ವರ್ಷವೂ ಅದೇ ಮರವನ್ನೇ ನೋಡಿ.